ನಾರಾಯಣ ಮೇಘಾಜಿ ಲೋಖಂಡೆ

ನಾರಾಯಣ ಮೇಘಾಜಿ ಲೋಖಂಡೆ (1848 – 9 ಫೆಬ್ರವರಿ 1897) ಭಾರತದ ಕಾರ್ಮಿಕ ಚಳವಳಿಯ ಆದ್ಯ ಪ್ರವರ್ತಕರಲ್ಲೊಬ್ಬರು. ವಾರದ ರಜೆಗಾಗಿ ನಡೆಸಿದ ಹೋರಾಟದಿಂದ ಅವರು ಪ್ರಸಿದ್ಧರು. ದುಡಿಯುವಾಗ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ದೊರೆಯಬೇಕೆಂಬ ಬೇಡಿಕೆಯನ್ನು ದೇಶದಲ್ಲಿ ಮುಂದಿಟ್ಟ ಮೊದಲಿಗರಲ್ಲಿ ಅವರೂ ಒಬ್ಬರು.

ಆರಂಭಿಕ ಜೀವನ

ಲೋಖಂಡೆಯವರು ಮಹಾರಾಷ್ಟ್ರದ ಥಾಣೆಯಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಉಗ್ರಾಣಪಾಲಕರಾಗಿದ್ದಾಗ ಕಾರ್ಮಿಕರ ಬವಣೆಯನ್ನು ಹತ್ತಿರದಿಂದ ಕಂಡರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಸಕ್ರಿಯರಾಗಿದ್ದ ಅವರು 1880ರಲ್ಲಿ 'ದೀನಬಂಧು' ಪತ್ರಿಕೆಯ ಹೊಣೆ ವಹಿಸಿಕೊಂಡರು.

ಕಾರ್ಮಿಕ ಹೋರಾಟ

ಅಪಾಯಕಾರಿ ಯಂತ್ರಗಳಿಗೆ ತಡೆ ಹಾಕುವ ವಿಚಾರವು 1881ರ ಕಾರ್ಖಾನೆ ಕಾಯಿದೆಯಲ್ಲಿ ಸೇರಿತ್ತು. ಆದರೆ ಆ ಕಾಯಿದೆ 100 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಗಳಿಗಷ್ಟೇ ಸೀಮಿತವಾಗಿತ್ತು. ಗಾಯಗೊಂಡವನ ಕೂಲಿ ನಿಂತರೆ ಅವನ ಸಂಸಾರದ ಗತಿಯೇನೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 1884ರಲ್ಲಿ ಲೋಖಂಡೆಯವರು ಮುಂಬಯಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿ, ಸುಮಾರು 5,500 ಕಾರ್ಮಿಕರ ಸಹಿಯುಳ್ಳ ಮನವಿಯನ್ನು ಸಿದ್ಧಪಡಿಸಿದರು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಸಕಾಲಕ್ಕೆ ವೇತನ ಮೊದಲಾದವು ಅದರ ಬೇಡಿಕೆಗಳು. ಗಾಯಗೊಂಡ ಕಾರ್ಮಿಕನಿಗೆ ಗುಣವಾಗುವವರೆಗೆ ಪೂರ್ಣ ವೇತನ ಸಲ್ಲಬೇಕು, ಶಾಶ್ವತವಾಗಿ ಅಂಗವಿಕಲನಾದವನ ಜೀವನೋಪಾಯಕ್ಕೆ ವ್ಯವಸ್ಥೆಯಾಗಬೇಕು ಎಂಬುದೂ ಅವುಗಳಲ್ಲಿ ಒಂದು.

10 ಜೂನ್ 1890ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಪರಿಹಾರದ ಬೇಡಿಕೆ ಮಾತ್ರ ಲೋಖಂಡೆಯವರ ಜೀವಿತಕಾಲದಲ್ಲಿ ಕಾನೂನಾಗಲಿಲ್ಲ.

ನಿಧನ

ಮುಂಬಯಿಯಲ್ಲಿ ಪ್ಲೇಗ್ ಹರಡಿದಾಗ ರೋಗಿಗಳ ಸೇವೆಯಲ್ಲಿ ತೊಡಗಿದ್ದ ಅವರು ಅದೇ ರೋಗಕ್ಕೆ ತುತ್ತಾಗಿ 1897ರಲ್ಲಿ ನಿಧನರಾದರು. 2005ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಮಹತ್ವ

ಅವರು ತೀರಿಕೊಂಡ 26 ವರ್ಷಗಳ ನಂತರ, 1923ರಲ್ಲಿ, ಬ್ರಿಟಿಷ್ ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಅಂಗೀಕಾರಗೊಂಡಿತು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರಗಳ ಚಲಿಸುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆಯನ್ನು ಕಡ್ಡಾಯಗೊಳಿಸಿತು. ವಿದ್ಯುತ್ತಿನಿಂದ ಯಂತ್ರ ನಡೆಸುವಲ್ಲಿ ಕನಿಷ್ಠ 10 ಕಾರ್ಮಿಕರಿದ್ದರೆ ಅದು ಅನ್ವಯವಾಗುತ್ತಿತ್ತು. ಕರ್ನಾಟಕದಲ್ಲಿ, 1933ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯಂತಹ ದೊಡ್ಡ ಉದ್ದಿಮೆಗಳು ಈ ವ್ಯಾಪ್ತಿಗೆ ಸೇರಿದವು. ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಊರುಗಳಲ್ಲಿ ಮೂರು ನಾಲ್ಕು ಮಂದಿ ಸೇರಿ ಗ್ರಿಲ್, ಗೇಟು, ಷಟರ್ ತಯಾರಿಸುವ ವರ್ಕ್‌ಶಾಪುಗಳು ಸಾಮಾನ್ಯವಾಗಿ ಈ ಮಿತಿಯ ಹೊರಗುಳಿದವು. ತಗಡನ್ನು ಬಾಗಿಸುವ, ಒತ್ತುವ ಯಂತ್ರಗಳ ನಡುವೆ ಬೆರಳು ಅಥವಾ ಅಂಗೈ ಸಿಲುಕಿ ಜಜ್ಜಿಹೋಗುವ ಅಪಾಯ ಅಲ್ಲಿಯೂ ಅಷ್ಟೇ ಇದೆ. ಆದುದರಿಂದ ಗಾಯಾಳುವಿನ ವೇತನ ಮತ್ತು ಜೀವನೋಪಾಯವನ್ನು ಕುರಿತ 1884ರ ಬೇಡಿಕೆಯು ಸಣ್ಣ ವರ್ಕ್‌ಶಾಪುಗಳ ಕಾರ್ಮಿಕರ ಮಟ್ಟಿಗೆ ಇಂದಿಗೂ ಪ್ರಸ್ತುತವಾಗಿದೆ.