ಕನ್ನಡದ ದಾರಿ ತೋರಿದ ಇಂಗ್ಲಿಷ್ ಅಧ್ಯಾಪಕ: ಜೇಮ್ಸ್ ಕಸಿನ್ಸ್

ವಿದ್ಯೆಯನ್ನು ಅರಸಿ ಪರದೇಶಕ್ಕೆ ಹೋದವರು ಅನೇಕರು. ವಿದ್ಯೆಯನ್ನು ನೀಡಲೆಂದು ಪರದೇಶಕ್ಕೆ ಬಂದು, ಅಲ್ಲಿಯವರೇ ಆಗಿ ಬಾಳಿ, ಆ ಮಣ್ಣಿನಲ್ಲಿಯೇ ಕಣ್ಣು ಮುಚ್ಚಿದವರು ವಿರಳ. ಐರ್ಲೆಂಡಿನ ಕವಿ ಹಾಗೂ ಶಿಕ್ಷಕರಾದ ಜೇಮ್ಸ್ ಹೆನ್ರಿ ಕಸಿನ್ಸ್ ಅಂತಹ ವಿರಳರಲ್ಲೊಬ್ಬರು. ಇಂಗ್ಲಿಷ್ ಸಾಹಿತ್ಯದ ಬೋಧನೆ ಅವರ ವೃತ್ತಿಯಾಗಿತ್ತು. ಆದರೆ ಕನ್ನಡಿಗರು ಅವರನ್ನು ನೆನೆಯುವುದು ಅವರು ಕಲಿಸಿದ ಇಂಗ್ಲಿಷಿಗಾಗಿ ಅಲ್ಲ. ಒಬ್ಬ ಕನ್ನಡ ತರುಣನನ್ನು ಅವನ ತಾಯ್ನುಡಿಯತ್ತ ತಿರುಗಿಸಿದ ಉಪಕಾರಕ್ಕಾಗಿ.

ಕಸಿನ್ಸರು 1873ರ ಜುಲೈ 22ರಂದು ಬೆಲ್‌ಫಾಸ್ಟ್ ನಗರದ ಮೆಥಡಿಸ್ಟ್ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು ಗುಮಾಸ್ತಿಕೆಗೆ ಸೇರಬೇಕಾಗಿ ಬಂದುದರಿಂದ, ಮುಂದಿನ ಅವರ ವಿದ್ಯೆಯೆಲ್ಲ ಬಹುಪಾಲು ಸ್ವಂತ ಪರಿಶ್ರಮದ ಫಲವೇ ಆಗಿತ್ತು. 1897ರಲ್ಲಿ ಡಬ್ಲಿನ್ನಿಗೆ ಬಂದು ನೆಲಸಿದರು. ಆಗ ಅಲ್ಲಿ ಯೇಟ್ಸ್, ಜಾರ್ಜ್ ರಸೆಲ್ ಮೊದಲಾದವರ ನೇತೃತ್ವದಲ್ಲಿ ಐರಿಷ್ ಸಾಹಿತ್ಯದ ಪುನರುತ್ಥಾನ ನಡೆದಿತ್ತು. ಕಸಿನ್ಸರು ಕವಿತೆ, ನಾಟಕಗಳನ್ನು ಬರೆದು, ರಂಗದ ಮೇಲೆ ಪಾತ್ರವಹಿಸಿ, ಆ ಚಳವಳಿಯಲ್ಲಿ ಬೆರೆತರು. 1903ರಲ್ಲಿ ಸಂಗೀತ ವಿದುಷಿ ಮಾರ್ಗರೆಟ್ ಗಿಲೆಸ್ಪಿ ಅವರನ್ನು ವಿವಾಹವಾದರು. ಡಬ್ಲಿನ್ನಿನ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಇಂಗ್ಲಿಷ್ ಬೋಧಿಸಿದರು. ಸಸ್ಯಾಹಾರ ವ್ರತವನ್ನೂ ಥಿಯಾಸಫಿಯ ವಿಚಾರಗಳನ್ನೂ ದಂಪತಿಗಳಿಬ್ಬರೂ ಸ್ವೀಕರಿಸಿದ್ದರು.

ಐರ್ಲೆಂಡಿನ ಅಂದಿನ ಸ್ಥಿತಿಯನ್ನು ಇಲ್ಲಿ ಗಮನಿಸುವುದು ಅವಶ್ಯಕ. ಪರರಾಜ್ಯದ ಆಳ್ವಿಕೆಗೆ ಒಳಪಟ್ಟ ಆ ನಾಡಿನಲ್ಲಿ ಪ್ರಾಚೀನ ಐರಿಷ್ ಭಾಷೆ ಬಹುಜನರ ಬಳಕೆಯಿಂದ ಮರೆಯಾಗುತ್ತಿತ್ತು. ಅದರ ಸ್ಥಾನದಲ್ಲಿ ಇಂಗ್ಲಿಷ್ ನೆಲೆಯೂರಿತ್ತು. ನಾಡಿನ ಪುರಾತನ ಕಥೆಗಳನ್ನು ಹಾಡಹೊರಟ ಕಸಿನ್ಸರು ಕೂಡ ಇಂಗ್ಲಿಷಿನಲ್ಲಿಯೇ ಬರೆದರು. ನುಡಿಯನ್ನು ಕಳೆದುಕೊಂಡ ಜನಾಂಗದ ನೋವು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

1915ರಲ್ಲಿ ಆ್ಯನಿ ಬೆಸೆಂಟರ ಆಹ್ವಾನದ ಮೇರೆಗೆ ಕಸಿನ್ಸ್ ದಂಪತಿಗಳು ಮದರಾಸಿಗೆ ಬಂದರು. ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಾಗ, 1916ರ ಐರಿಷ್ ದಂಗೆಯ ನಾಯಕರನ್ನು ಪ್ರಶಂಸಿಸಿ ಬರೆದುದರಿಂದ ಆ ಸ್ಥಾನವನ್ನು ತೊರೆಯಬೇಕಾಯಿತು. ಇದರಿಂದ ಹಾನಿಗಿಂತ ಲಾಭವೇ ಹೆಚ್ಚಾಯಿತೆನ್ನಬೇಕು. ನಮ್ಮ ಕೋಲಾರದ ಗಡಿಯಾಚೆ, ಇಂದಿನ ಆಂಧ್ರಪ್ರದೇಶದಲ್ಲಿರುವ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರಾದರು. ಕಾಲಾನಂತರದಲ್ಲಿ ಪ್ರಾಂಶುಪಾಲರೂ ಆದರು. ಬೆಟ್ಟಗಳ ನಡುವಣ ಆ ಊರು ಅವರಿಗೆ ಎರಡನೆಯ ತವರಾಯಿತು. 1917ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ಸಾಹಿತ್ಯ ವಿಮರ್ಶೆಯ ಗ್ರಂಥವು ಶ್ರೀ ಅರವಿಂದರ ಗಮನವನ್ನು ಸೆಳೆದು, ಭವಿಷ್ಯದ ಕಾವ್ಯವನ್ನು ಕುರಿತ ಅವರ ಪ್ರಸಿದ್ಧ ಲೇಖನಮಾಲೆಗೆ ನಿಮಿತ್ತವಾಯಿತು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಕಸಿನ್ಸರ ಅತಿಥಿಯಾಗಿ ಅಲ್ಲಿಗೆ ಬಂದಾಗ, ಮುಂದೆ ರಾಷ್ಟ್ರಗೀತೆಯಾದ ತಮ್ಮ ಗೀತೆಯನ್ನು ವಿದ್ಯಾರ್ಥಿಗಳ ಮುಂದೆ ಹಾಡಿದರು. ಅಲ್ಲಿಯೇ ಅದನ್ನು ಇಂಗ್ಲಿಷಿಗೂ ತಂದರು. ಅದರ ರಾಗಕ್ಕೆ ಸ್ವರಲಿಪಿಯನ್ನು ಸಿದ್ಧಪಡಿಸಿದವರು ಮಾರ್ಗರೆಟ್ ಕಸಿನ್ಸ್. ಅದೇ ವರ್ಷ ಕಸಿನ್ಸರು ಜಪಾನಿನ ಕೇಯೋ ವಿಶ್ವವಿದ್ಯಾನಿಲಯಕ್ಕೆ ತೆರಳಿ ಕೆಲವು ತಿಂಗಳು ಇಂಗ್ಲಿಷ್ ಕಾವ್ಯವನ್ನು ಬೋಧಿಸಿದರು. ಬಳಿಕ ಭಾರತಕ್ಕೇ ಮರಳಿದರು.

ಮೈಸೂರಿಗೂ ಅವರಿಗೂ ಒದಗಿದ ನಂಟು ಇದರ ನಂತರದ್ದು. ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆಯನ್ನು ವ್ಯವಸ್ಥೆಗೊಳಿಸುವ ಕಾರ್ಯದಲ್ಲಿ ಅವರು 1924ರ ಸುಮಾರಿಗೆ ನೆರವಾದರು. ಅಂದು ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದು, ನಮ್ಮ ಹಿರಿಯರಿಗೆ ಹೆಚ್ಚಿನ ವಿದ್ಯೆಯೆಂದರೆ ಮೈಸೂರೇ ಆಗಿತ್ತು. ಮಲೆನಾಡಿನ ಕುಪ್ಪಳಿಯಿಂದಲೂ ಒಬ್ಬ ತರುಣ ಹಾಗೆಯೇ ಬಂದು ಅಲ್ಲಿಯ ಪ್ರೌಢಶಾಲೆಯಲ್ಲಿ ಓದುತ್ತಿದ್ದನು. 1922ರಲ್ಲಿಯೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಕಿರುಹೊತ್ತಗೆಯನ್ನು ಹೊರತಂದಿದ್ದ ಆತ, ಕಸಿನ್ಸರು ಮೈಸೂರಿಗೆ ಬಂದಿರುವರೆಂದು ತಿಳಿದು, 1924ರಲ್ಲಿ ತನ್ನ ಹಸ್ತಪ್ರತಿಯೊಡನೆ ಅವರನ್ನು ಕಂಡನು. ಆತನೇ ಮುಂದೆ ಕುವೆಂಪು ಎಂದು ಪ್ರಸಿದ್ಧರಾದ ಕೆ. ವಿ. ಪುಟ್ಟಪ್ಪ.

ಪ್ರಶಂಸೆಯನ್ನು ನಿರೀಕ್ಷಿಸಿದ್ದ ತರುಣನಿಗೆ ದೊರೆತದ್ದು ಬೇರೊಂದು ಉತ್ತರ. ಖಾದಿಯುಟ್ಟ ಆತನನ್ನು ನೋಡಿ, ಉಡುಪೆಲ್ಲ ಸ್ವದೇಶಿಯಾಗಿರುವಾಗ ಕವಿತೆಯೊಂದು ಮಾತ್ರ ಏಕೆ ಪರದೇಶಿ ಎಂಬ ಅರ್ಥದಲ್ಲಿ ಕಸಿನ್ಸರು ಕೇಳಿದರು. ತಾಯ್ನುಡಿಯಲ್ಲಿ ಏನನ್ನಾದರೂ ಬರೆದಿರುವಿರಾ ಎಂದು ವಿಚಾರಿಸಿದರು. ಇಂಗ್ಲಿಷ್ ಕಾವ್ಯದ ವೈವಿಧ್ಯ ಕನ್ನಡಕ್ಕೆ ಸಾಧ್ಯವಿಲ್ಲವೆಂದು ತರುಣ ಹೇಳಿದಾಗ, ಯಾವ ಭಾಷೆಯೂ ತಾನಾಗಿ ಅಸಮರ್ಥವಲ್ಲ, ಸಮರ್ಥನಾದವನು ಬಂದು ಬಳಸಬೇಕಷ್ಟೆ ಎಂದು ಠಾಕೂರರ ಬಂಗಾಳಿಯನ್ನು ನಿದರ್ಶನವಾಗಿ ತೋರಿದರು. ಆ ಕ್ಷಣದಲ್ಲಿ ತರುಣನಿಗೆ ನಿರಾಶೆಯಾದರೂ, ಅವನ ಕಾವ್ಯ ಅಲ್ಲಿಂದ ಕನ್ನಡದತ್ತ ಹೊರಳಿತು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ ಸಂದ 1967ರ ಜ್ಞಾನಪೀಠ ಪ್ರಶಸ್ತಿಯು ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠವಾಯಿತು. ಕುವೆಂಪು ಅವರ ಪ್ರತಿಭೆಗೆ ಕಸಿನ್ಸರು ಕಾರಣರಲ್ಲ. ಆದರೆ ಆ ಪ್ರತಿಭೆ ಯಾವ ನೆಲದಲ್ಲಿ ಬೇರೂರಬೇಕೆಂಬುದನ್ನು ತಕ್ಕ ಸಮಯದಲ್ಲಿ ಹೇಳಿದ ಶ್ರೇಯಸ್ಸು ಅವರದು.

ಮಾರ್ಗರೆಟ್ ಅವರ ಸೇವೆಯೂ ಸ್ಮರಣೀಯ. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರು, 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಸ್ಥಾಪನೆಗೆ ಮುಂದಾದರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸೆರೆವಾಸವನ್ನೂ ಅನುಭವಿಸಿದರು. ಕಸಿನ್ಸರು ತಿರುವಾಂಕೂರು ಸಂಸ್ಥಾನದ ಕಲಾ ಸಲಹೆಗಾರರಾಗಿ ಸೇವೆ ಸಲ್ಲಿಸಿದರು; ಹಿಂದೂ ಧರ್ಮವನ್ನು ಸ್ವೀಕರಿಸಿ ಜಯರಾಮ ಎಂಬ ಹೆಸರನ್ನು ತಳೆದರು. 1950ರಲ್ಲಿ ದಂಪತಿಗಳು ಕೂಡಿ ಬರೆದ ಆತ್ಮಕಥೆ ಪ್ರಕಟವಾಯಿತು. ಮಾರ್ಗರೆಟ್ 1954ರಲ್ಲಿಯೂ, ಕಸಿನ್ಸರು 1956ರ ಫೆಬ್ರವರಿ 20ರಂದು ಮದನಪಲ್ಲಿಯಲ್ಲಿಯೂ ನಿಧನರಾದರು. ಅದೇ ವರ್ಷ ಕನ್ನಡ ನಾಡು ಒಂದುಗೂಡಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಕುವೆಂಪು, ಉನ್ನತ ಶಿಕ್ಷಣದಲ್ಲಿ ಕನ್ನಡವನ್ನು ನೆಲೆಗೊಳಿಸಲು ಶ್ರಮಿಸಿದರು.

ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಗುಂಡ್ಲುಪೇಟೆಯಲ್ಲಿ, ತಮಿಳುನಾಡಿಗೆ ಅಂಟಿಕೊಂಡ ಚಾಮರಾಜನಗರದಲ್ಲಿ, ಮಕ್ಕಳ ಕಿವಿಗೆ ಹಲವು ನುಡಿಗಳು ಬೀಳುತ್ತವೆ. ಇಂಗ್ಲಿಷ್ ಕಲಿತರೆ ಮಾತ್ರ ಬದುಕು ಎಂಬ ಹಂಬಲ ಹಳ್ಳಿಗಳನ್ನೂ ಮುಟ್ಟಿದೆ. ಆ ಹಂಬಲವನ್ನು ಹೀಗಳೆಯಬೇಕಾಗಿಲ್ಲ. ಇಂಗ್ಲಿಷನ್ನು ಪ್ರೀತಿಯಿಂದ ಕಲಿಸುವುದರಲ್ಲಿಯೇ ಕಸಿನ್ಸರು ಬಾಳನ್ನು ಸವೆಸಿದರು. ಆದರೆ ತಾನು ಕಲಿಸುವ ಭಾಷೆಯ ಹಿರಿಮೆಯನ್ನು ಬಲ್ಲ ಗುರುವೇ ವಿದ್ಯಾರ್ಥಿಯ ಭಾಷೆಯನ್ನೂ ಗೌರವಿಸಬಲ್ಲನೆಂಬುದಕ್ಕೆ ಅವರ ಜೀವನ ಸಾಕ್ಷಿಯಾಗಿದೆ. ನಮ್ಮ ಶಾಲೆಯ ಇಂಗ್ಲಿಷ್ ತರಗತಿಯಿಂದ ಹೊರಬರುವ ಮಗು, ತನ್ನ ಮನೆಯ ಮಾತು ಕೀಳೆಂಬ ಭಾವನೆಯನ್ನು ಹೊತ್ತು ಬಾರದಂತೆ ನೋಡಿಕೊಳ್ಳುವುದು ಶಿಕ್ಷಕರಾದ ನಮ್ಮ ಹೊಣೆ. ಅದನ್ನು ನಿರ್ವಹಿಸಿದರೆ ಆ ದೂರದೇಶದ ಗುರುವಿಗೆ ನಾವು ಸಲ್ಲಿಸಬೇಕಾದ ಋಣ ಸಂದಾಯವಾದಂತೆ.