ಎರಡು ನಗರಗಳು ಹಂಚಿಕೊಂಡ ಮೇಷ್ಟ್ರು

ಚೆನ್ನೈಯಲ್ಲಿ ಬಿ.ಆರ್. ಪಂತುಲು ಎಂದರೆ ‘ವೀರಪಾಂಡಿಯ ಕಟ್ಟಬೊಮ್ಮನ್’ ಮತ್ತು ‘ಕರ್ಣನ್’ ಚಿತ್ರಗಳ ನಿರ್ದೇಶಕ. ಬೆಂಗಳೂರಿನಲ್ಲಿ ಅದೇ ಹೆಸರಿಗೆ ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’, ‘ಶ್ರೀಕೃಷ್ಣದೇವರಾಯ’ ನೆನಪಾಗುತ್ತವೆ. ಒಂದು ನಗರದವರಿಗೆ ಇನ್ನೊಂದು ನಗರದ ಪಂತುಲು ಅಷ್ಟಾಗಿ ಪರಿಚಿತರಲ್ಲ. ಇಬ್ಬರೂ ಒಬ್ಬರೇ ಎಂದು ತಿಳಿದಾಗ ಅಚ್ಚರಿಪಡುವ ವಿದ್ಯಾವಂತರನ್ನು ನಾನು ಎರಡೂ ಕಡೆ ಕಂಡಿದ್ದೇನೆ. ಭಾಷಾವಾರು ಪ್ರಾಂತ್ಯಗಳ ರಚನೆ ಆಡಳಿತಕ್ಕೆ ಅನುಕೂಲ ಮಾಡಿಕೊಟ್ಟಿತು, ನಿಜ. ಆದರೆ ಕೆಲವರ ಬದುಕನ್ನು ಅದು ಎರಡು ಕಡತಗಳಾಗಿ ಸೀಳಿತು. ಪಂತುಲು ಅಂಥವರಲ್ಲಿ ಒಬ್ಬರು.

1910ರ ಜುಲೈಯಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಕೋಲಾರ–ಕುಪ್ಪಂ ಗಡಿಸೀಮೆಯಲ್ಲಿ ಅವರು ಹುಟ್ಟಿದರು. ಪಂತುಲು ಎಂಬ ತೆಲುಗು ಮಾತಿಗೆ ಮೇಷ್ಟ್ರು ಎಂಬ ಅರ್ಥವಿದೆ. ಹೆಸರಿಗೆ ತಕ್ಕಂತೆ ಅವರು ಯೌವನದಲ್ಲಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ಆದರೆ ಆ ದಶಕಗಳಲ್ಲಿ ಕನ್ನಡನಾಡಿನ ಊರೂರುಗಳಲ್ಲಿ ಗುಡಾರ ಹಾಕುತ್ತಿದ್ದ ನಾಟಕ ಕಂಪನಿಗಳ ಸೆಳೆತ ಬಲವಾಗಿತ್ತು. ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯ ರಂಗದ ಮೇಲೆ ಅವರು ನಟರಾದರು. ಗುಬ್ಬಿ ಕಂಪನಿಯ ಅನ್ನವನ್ನೂ ಉಂಡರು. ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ ನಾಟಕ 1936ರಲ್ಲಿ ಚಲನಚಿತ್ರವಾದಾಗ ಪಂತುಲು ಅದರ ನಾಯಕರು. ಪುರಾಣದ ಕಿರೀಟ, ಗದೆಗಳಿಲ್ಲದ ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಅದನ್ನು ಗುರುತಿಸಲಾಗುತ್ತದೆ. ನಾಯಕಿ ಎಂ.ವಿ. ರಾಜಮ್ಮ. ಮುಂದೆ 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ತಯಾರಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನಿಸಿದವರು ಇವರೇ. ಪಂತುಲು ಮತ್ತು ರಾಜಮ್ಮ ಜೋಡಿ ಮೂರು ದಶಕ ಕಾಲ ತೆರೆಯ ಮೇಲೆ ಕನ್ನಡದ ತಂದೆ–ತಾಯಿಯರ ಮಾದರಿಯಾಗಿ ಉಳಿಯಿತು.

ಅಂದಿನ ಕನ್ನಡ ಚಿತ್ರೋದ್ಯಮದ ಆರ್ಥಿಕ ಸ್ಥಿತಿಯನ್ನು ಅರಿಯದೆ ಪಂತುಲು ಅವರ ಸಾಧನೆಯನ್ನು ಅಳೆಯಲಾಗದು. ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲ ಅದು. ಸ್ಟುಡಿಯೋ, ಲ್ಯಾಬೊರೇಟರಿ, ತಂತ್ರಜ್ಞರು, ಬಡ್ಡಿಗೆ ಹಣ ಕೊಡುವವರು ಎಲ್ಲರೂ ಮದರಾಸಿನಲ್ಲಿ. ಕನ್ನಡ ಮಾತನಾಡುವ ಜನ ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದರು. 1956ರ ನವೆಂಬರ್‌ನಲ್ಲಿ ರಾಜ್ಯ ಒಂದಾದ ಮೇಲೂ ಬೆಂಗಳೂರಿನ ಅನೇಕ ಚಿತ್ರಮಂದಿರಗಳು ತಮಿಳು, ತೆಲುಗು, ಹಿಂದಿ ಚಿತ್ರಗಳಿಗೇ ಮೊದಲ ಮಣೆ ಹಾಕುತ್ತಿದ್ದವು. ಮಾರುಕಟ್ಟೆ ಕಿರಿದು, ಸ್ಥಿರವೆಚ್ಚ ಮಾತ್ರ ಹಿರಿದು. ಇಂಥ ಉದ್ಯಮಕ್ಕೆ ಯಾವ ವಿವೇಕಿಯೂ ಬಂಡವಾಳ ಹಾಕಲಾರ.

ಪಂತುಲು ಕಂಡುಕೊಂಡ ದಾರಿ ಸರಳವಾದುದು. ತಮ್ಮ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯಲ್ಲಿ ಅವರು ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ತಯಾರಿಸಿದರು. ಕಥೆಗೆ, ಸಂಗೀತಕ್ಕೆ, ಸೆಟ್ಟಿಗೆ ಮಾಡಿದ ವೆಚ್ಚವನ್ನು ಎರಡು ಚಿತ್ರಗಳು ಹಂಚಿಕೊಳ್ಳುತ್ತಿದ್ದವು. 1955ರಲ್ಲಿ ಪಿ. ನೀಲಕಂಠನ್ ನಿರ್ದೇಶಿಸಿದ ‘ಮೊದಲ ತೇದಿ’ ತಮಿಳಿನಲ್ಲೂ ಬಂತು. ತಿಂಗಳ ಸಂಬಳವನ್ನೇ ನೆಚ್ಚಿಕೊಂಡ ಮಧ್ಯಮವರ್ಗದ ಸಂಸಾರ ಅದರ ವಸ್ತು. 1957ರಲ್ಲಿ ಪಂತುಲು ತಾವೇ ನಿರ್ದೇಶನಕ್ಕಿಳಿದಾಗ ತಮಿಳಿನ ‘ತಂಗಮಲೈ ರಹಸ್ಯಂ’ ಮತ್ತು ಕನ್ನಡದ ‘ರತ್ನಗಿರಿ ರಹಸ್ಯ’ ಒಟ್ಟೊಟ್ಟಿಗೇ ಸಿದ್ಧವಾದವು. ತಮಿಳಿನಲ್ಲಿ ಶಿವಾಜಿ ಗಣೇಶನ್, ಕನ್ನಡದಲ್ಲಿ ಉದಯಕುಮಾರ್. ಟಿ.ಜಿ. ಲಿಂಗಪ್ಪ ಅವರ ಸಂಗೀತ ಎರಡಕ್ಕೂ ಸಂದಿತು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ಮಾರುಕಟ್ಟೆಯ ಹೆಗಲ ಮೇಲೆ ಸಣ್ಣ ಮಾರುಕಟ್ಟೆಯನ್ನು ಕೂರಿಸಿ ಹೊಳೆ ದಾಟಿಸುವ ಉಪಾಯ ಇದು. ಸರ್ಕಾರ ಸಹಾಯಧನದ ಯೋಜನೆ ರೂಪಿಸುವುದಕ್ಕೆ ಎಷ್ಟೋ ಮುನ್ನ ಒಬ್ಬ ಖಾಸಗಿ ವ್ಯಕ್ತಿ ತನ್ನ ಕೈಯಿಂದಲೇ ಕನ್ನಡಕ್ಕೆ ಸಹಾಯಧನ ಕೊಟ್ಟಂತಾಯಿತು ಎಂಬುದು ನನ್ನ ಗ್ರಹಿಕೆ.

ಈ ಉಪಾಯ 1958ರಲ್ಲಿ ತಿರುವುಮುರುವಾದದ್ದು ಸ್ವಾರಸ್ಯಕರ. ಆ ವರ್ಷ ತೆರೆಕಂಡ ‘ಸ್ಕೂಲ್ ಮಾಸ್ಟರ್’ ಇಪ್ಪತ್ತೈದು ವಾರ ಓಡಿ ಕನ್ನಡಕ್ಕೆ ಬೆಳ್ಳಿಹಬ್ಬದ ರುಚಿ ತೋರಿಸಿತು. ಈಗ ಕಥೆ ಕನ್ನಡದಿಂದ ಹೊರಟು ಬೇರೆ ಭಾಷೆಗಳಿಗೆ ಹೋಗತೊಡಗಿತು. ತಮಿಳಿನಲ್ಲಿ ‘ಎಂಗಳ್ ಕುಡುಂಬಂ ಪೆರಿಸು’, 1959ರಲ್ಲಿ ಹಿಂದಿ, 1964ರಲ್ಲಿ ಮಲಯಾಳಂ, 1972ರಲ್ಲಿ ಎನ್.ಟಿ. ರಾಮರಾವ್ ನಟಿಸಿದ ತೆಲುಗಿನ ‘ಬಡಿ ಪಂತುಲು’, 1973ರಲ್ಲಿ ಮತ್ತೊಮ್ಮೆ ತಮಿಳು. ಮಲಯಾಳಂ ಅವತರಣಿಕೆಯನ್ನು ನಿರ್ದೇಶಿಸಿದವರು ಪಂತುಲು ಅವರ ಗರಡಿಯಲ್ಲಿ ಪಳಗಿದ ಪುಟ್ಟಣ್ಣ ಕಣಗಾಲ್. ಕನ್ನಡದ ಅತ್ಯಂತ ಪ್ರಭಾವಿ ನಿರ್ದೇಶಕರೊಬ್ಬರ ಸ್ವತಂತ್ರ ವೃತ್ತಿ ಹೀಗೆ ತಮ್ಮ ಗುರುವಿನ ಕಥೆಯಿಂದ, ಅದೂ ಪರಭಾಷೆಯಲ್ಲಿ ಆರಂಭವಾಯಿತು.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಎಪ್ಪತ್ತರ ದಶಕದಲ್ಲಿ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು. ಆಗ ನನಗೆ ಅದು ಕೆಟ್ಟ ಮಕ್ಕಳ ಮತ್ತು ಒಳ್ಳೆಯ ಶಿಷ್ಯನ ಕಥೆಯಾಗಿತ್ತು. ನಿವೃತ್ತಿಯ ನಂತರ ನೋಡಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರಾಮಾಣಿಕ ಮೇಷ್ಟ್ರು ಆಯುಷ್ಯವೆಲ್ಲ ದುಡಿದು ಒಂದು ಮನೆ ಕಟ್ಟುತ್ತಾರೆ. ನಿವೃತ್ತಿಯಾಗುತ್ತಲೇ ಸಾಲ ಮೇಲೆ ಬೀಳುತ್ತದೆ, ಮನೆ ಕೈತಪ್ಪುತ್ತದೆ. ಮಕ್ಕಳು ತಂದೆಯನ್ನೊಬ್ಬರು, ತಾಯಿಯನ್ನೊಬ್ಬರು ಎಂದು ಹಂಚಿಕೊಂಡು ವೃದ್ಧ ದಂಪತಿಯನ್ನು ಅಗಲಿಸುತ್ತಾರೆ. ಕಡೆಗೆ ಅವರನ್ನು ಕಾಪಾಡುವುದು ಪೊಲೀಸ್ ಅಧಿಕಾರಿಯಾಗಿ ಬೆಳೆದಿರುವ ಹಳೆಯ ಶಿಷ್ಯ; ಆ ಕಿರುಪಾತ್ರದಲ್ಲಿ ಶಿವಾಜಿ ಗಣೇಶನ್ ಕಾಣಿಸಿಕೊಂಡರು.

ಗಮನಿಸಬೇಕಾದುದು, ಈ ಇಡೀ ಕಥೆಯಲ್ಲಿ ಪ್ರಭುತ್ವ ಎಲ್ಲಿಯೂ ಇಲ್ಲ. ಬಂದವನು ಅಧಿಕಾರಿಯೇ ಆದರೂ ಅವನು ಬಂದದ್ದು ಶಿಷ್ಯನಾಗಿ, ಕೃತಜ್ಞತೆಯಿಂದ. ಮೇಷ್ಟ್ರ ಮುಪ್ಪಿಗೆ ಆಧಾರವಾಗಿ ಇದ್ದದ್ದು ಮಕ್ಕಳ ಕರುಣೆ, ಇಲ್ಲವೇ ಆಕಸ್ಮಿಕವಾದ ಒಬ್ಬ ಒಳ್ಳೆಯ ಶಿಷ್ಯ. ಪಿಂಚಣಿ ಎಂಬುದು ದೊರೆಯ ದಯೆಯಲ್ಲ, ದುಡಿದವನ ಹಕ್ಕು ಎಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ ಖಚಿತವಾಗಿ ಸಾರಿದ್ದು 1982ರ ಡಿಸೆಂಬರ್‌ನಲ್ಲಿ. ಹೆತ್ತವರನ್ನು ಪೋಷಿಸುವುದು ಮಕ್ಕಳ ಕಾನೂನುಬದ್ಧ ಹೊಣೆ ಎಂದು ಸಂಸತ್ತು ಶಾಸನ ಮಾಡಿದ್ದು 2007ರಲ್ಲಿ. ಆ ಶಾಸನಕ್ಕೆ ಅರ್ಧ ಶತಮಾನ ಮೊದಲೇ ಒಬ್ಬ ಮಾಜಿ ಮೇಷ್ಟ್ರು ಅದರ ಅಗತ್ಯವನ್ನು ತೆರೆಯ ಮೇಲೆ ಮಂಡಿಸಿದ್ದರು. ಐದು ಭಾಷೆಗಳ ಪ್ರೇಕ್ಷಕರು ಅದನ್ನು ತಮ್ಮದೇ ಮನೆಯ ಕಥೆ ಎಂದು ಸ್ವೀಕರಿಸಿದರೆಂದರೆ, ಆ ಭಯ ಎಷ್ಟು ವ್ಯಾಪಕವಾಗಿತ್ತು ಎಂಬುದು ತಿಳಿಯುತ್ತದೆ. ವೃದ್ಧಾಪ್ಯದ ಅಭದ್ರತೆಯ ಬಗೆಗೆ ನಾನು ಓದಿದ ಎಷ್ಟೋ ವರದಿಗಳಿಗಿಂತ ಈ ಚಿತ್ರ ಸ್ಪಷ್ಟವಾಗಿ ಮಾತನಾಡುತ್ತದೆ.

ಇದರ ಬೆನ್ನಿಗೇ ಪಂತುಲು ಇತಿಹಾಸದ ಕಡೆ ಹೊರಳಿದರು. 1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರದ ಪ್ರತಿಗಳು ಲಂಡನ್ನಿನಲ್ಲಿ ಟೆಕ್ನಿಕಲರ್‌ಗೆ ಪರಿವರ್ತಿತವಾದವು. 1960ರಲ್ಲಿ ಕೈರೋದ ಆಫ್ರೋ–ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿ ಗಣೇಶನ್ ಶ್ರೇಷ್ಠ ನಟರೆನಿಸಿದರು. 1961ರಲ್ಲಿ ಎರಡು ಚಿತ್ರಗಳು ಬಂದವು. ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’: ಬಿ. ಸರೋಜಾದೇವಿ ರಾಣಿ, ರಾಜ್‌ಕುಮಾರ್ ಮಲ್ಲಸರ್ಜ. ತಮಿಳಿನಲ್ಲಿ ‘ಕಪ್ಪಲೋಟ್ಟಿಯ ತಮಿಳನ್’: ಬ್ರಿಟಿಷರ ಹಡಗು ಕಂಪನಿಗೆ ಎದುರಾಗಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ, ಅದಕ್ಕಾಗಿ ಸೆರೆಮನೆ ಸೇರಿದ ವಿ.ಒ. ಚಿದಂಬರಂ ಪಿಳ್ಳೆಯವರ ಬದುಕು. ಎರಡೂ ಮೆಚ್ಚುಗೆ ಪಡೆದವು. ಆದರೆ ಎರಡನೆಯದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಬಲಿಷ್ಠ ಪ್ರತಿಸ್ಪರ್ಧಿಯ ದರಸಮರದ ಎದುರು ಬಂಡವಾಳ ಕರಗಿಸಿಕೊಂಡ ಉದ್ಯಮಿಯ ಕಥೆಯನ್ನು ಹೇಳಹೊರಟ ಚಿತ್ರವೇ ಬಂಡವಾಳ ಕರಗಿಸಿಕೊಂಡದ್ದು ವಿಧಿಯ ವ್ಯಂಗ್ಯ.

ಸೋಲಿನಿಂದ ಅವರು ಕೈ ಬಿಗಿ ಮಾಡಲಿಲ್ಲ. 1964ರ ಸಂಕ್ರಾಂತಿಗೆ ತೆರೆಕಂಡ ‘ಕರ್ಣನ್’ ಚಿತ್ರಕ್ಕಾಗಿ ಯುದ್ಧದ ದೃಶ್ಯಗಳನ್ನು ಕುರುಕ್ಷೇತ್ರದ ಬಯಲಿನಲ್ಲೇ, ಸೇನೆಯ ನೆರವು ಪಡೆದು ಚಿತ್ರೀಕರಿಸಿದರು. ಶಿವಾಜಿ ಕರ್ಣನಾದರು, ಎನ್.ಟಿ. ರಾಮರಾವ್ ಕೃಷ್ಣನಾದರು. ಅದೇ ವರ್ಷ ಕನ್ನಡದಲ್ಲಿ ‘ಚಿನ್ನದ ಗೊಂಬೆ’ ತಯಾರಾಯಿತು. ಕಲ್ಯಾಣ್‌ಕುಮಾರ್ ಎದುರಿಗೆ ನಾಯಕಿಯಾಗಿ ಪಂತುಲು ಆರಿಸಿದ್ದು ಶಾಲೆ ಮುಗಿಸಿದ್ದ ಹದಿಹರೆಯದ ಜಯಲಲಿತಾ ಅವರನ್ನು. ಇದಕ್ಕೂ ಹಿಂದಿನ ವರ್ಷ ‘ಸಾಕು ಮಗಳು’ ಚಿತ್ರದಲ್ಲಿ ಕಲ್ಪನಾ ಅವರಿಗೆ ಮೊದಲ ಅವಕಾಶ ಕೊಟ್ಟವರೂ ಪಂತುಲು ಅವರೇ. ಪ್ರತಿಭೆಯನ್ನು ಗುರುತಿಸುವ ಮೇಷ್ಟ್ರ ಕಣ್ಣು ಅವರಿಗೆ ಕೊನೆಯವರೆಗೂ ಇತ್ತು.

1964 ಅವರ ಬದುಕಿನ ತಿರುವೂ ಹೌದು. ‘ಚಿನ್ನದ ಗೊಂಬೆ’ಯ ತಮಿಳು ರೂಪ ‘ಮುರಡನ್ ಮುತ್ತು’ ಶಿವಾಜಿಯವರ ನೂರನೆಯ ಚಿತ್ರವೆನಿಸಬೇಕೆಂಬುದು ಪಂತುಲು ಆಸೆ. ಆ ಗೌರವ ಅದೇ ದೀಪಾವಳಿಗೆ ಬಂದ ‘ನವರಾತ್ರಿ’ಗೆ ಸಂದಿತು. ದಶಕದ ಸ್ನೇಹ ಮುರಿಯಿತು. ಐವತ್ತನಾಲ್ಕರ ವಯಸ್ಸಿನಲ್ಲಿ, ತಮ್ಮ ಸಂಸ್ಥೆ ಯಾರ ಜನಪ್ರಿಯತೆಯ ಮೇಲೆ ನಿಂತಿತ್ತೋ ಆ ನಟನನ್ನು ಬಿಟ್ಟು ಪಂತುಲು ಪ್ರತಿಸ್ಪರ್ಧಿ ಪಾಳೆಯದ ಎಂ.ಜಿ. ರಾಮಚಂದ್ರನ್ ಅವರಲ್ಲಿಗೆ ಹೋದರು. 1965ರ ‘ಆಯಿರತ್ತಿಲ್ ಒರುವನ್’ ಈ ನಡೆಯ ಫಲ. ನಮ್ಮ ಕಾರವಾರದ ಕಡಲತೀರದಲ್ಲಿ ಚಿತ್ರಿತವಾದ ಆ ಚಿತ್ರದಲ್ಲೇ ಎಂಜಿಆರ್ ಮತ್ತು ಜಯಲಲಿತಾ ಮೊದಲ ಬಾರಿಗೆ ಜೊತೆಯಾದರು. ಮುಂದೆ ಇಬ್ಬರೂ ತಮಿಳುನಾಡಿನ ಮುಖ್ಯಮಂತ್ರಿಗಳಾದರು. ಸಹನಿರ್ದೇಶಕರನ್ನೂ ನಟಿಯರನ್ನೂ ಬೆಳೆಸಿದ ಮೇಷ್ಟ್ರು ಅರಿಯದೆಯೇ ಒಂದು ರಾಜ್ಯದ ರಾಜಕಾರಣಕ್ಕೂ ಅಡಿಗಲ್ಲು ಇಟ್ಟಿದ್ದರು.

ಅರವತ್ತರ ದಶಕದ ಉತ್ತರಾರ್ಧದಲ್ಲಿ ಅವರು ಕನ್ನಡದಲ್ಲಿ ಲಘುಧಾಟಿಯ ಚಿತ್ರಗಳನ್ನೂ ತೆಗೆದರು. 1966ರ ‘ದುಡ್ಡೇ ದೊಡ್ಡಪ್ಪ’, 1967ರ ‘ಬೀದಿ ಬಸವಣ್ಣ’ ಆ ಸಾಲಿನವು. 1970ರಲ್ಲಿ ಮತ್ತೆ ಇತಿಹಾಸ: ವರ್ಣದಲ್ಲಿ ತೆಗೆದ ‘ಶ್ರೀಕೃಷ್ಣದೇವರಾಯ’. ರಾಜ್‌ಕುಮಾರ್ ಚಕ್ರವರ್ತಿ, ಪಂತುಲು ಮಹಾಮಂತ್ರಿ ತಿಮ್ಮರಸು. ಪ್ರಭುವನ್ನು ಸಿಂಹಾಸನದ ಮೇಲೆ ಕೂರಿಸಿ, ಕಡೆಗೆ ಅದೇ ಪ್ರಭುವಿನ ಅನುಮಾನಕ್ಕೆ ಕಣ್ಣು ತೆತ್ತ ಅಪ್ಪಾಜಿಯಾಗಿ ಅವರು ತೋರಿದ ಸಂಯಮದ ಅಭಿನಯ, ಆಡಳಿತಸೇವೆಯಲ್ಲಿದ್ದ ಯಾರನ್ನಾದರೂ ಕಲಕುವಂಥದು.

1974ರ ಅಕ್ಟೋಬರ್‌ನಲ್ಲಿ, ಅರವತ್ತನಾಲ್ಕರ ವಯಸ್ಸಿನಲ್ಲಿ, ಒಂದು ಚಿತ್ರ ಕೈಯಲ್ಲಿರುವಾಗಲೇ ಪಂತುಲು ತೀರಿಕೊಂಡರು. ‘ಮಧುರೈಯೈ ಮೀಟ್ಟ ಸುಂದರಪಾಂಡಿಯನ್’ ಎಂಬ ಆ ಚಿತ್ರದ ನಿರ್ದೇಶನವನ್ನು ಎಂಜಿಆರ್ ಅವರೇ ಪೂರೈಸಿದರು. 1978ರಲ್ಲಿ ಅದು ತೆರೆಕಾಣುವ ಹೊತ್ತಿಗೆ ಎಂಜಿಆರ್ ಮುಖ್ಯಮಂತ್ರಿಯಾಗಿದ್ದರು. ಅದು ಅವರ ಕೊನೆಯ ಚಿತ್ರವೂ ಆಯಿತು. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಮುಂದೆ ಛಾಯಾಗ್ರಾಹಕಿಯಾಗಿ, ಪುರುಷರದ್ದೇ ಎನಿಸಿದ್ದ ಕ್ಷೇತ್ರದಲ್ಲಿ ಹೆಸರು ಮಾಡಿದರು.

ಇನ್ನೊಂದು ಮಾತನ್ನು ಹೇಳಬೇಕು. 2012ರಲ್ಲಿ ‘ಕರ್ಣನ್’ ಚಿತ್ರವನ್ನು ಡಿಜಿಟಲ್ ರೂಪದಲ್ಲಿ ಪುನರುಜ್ಜೀವನಗೊಳಿಸಿ ಬಿಡುಗಡೆ ಮಾಡಿದಾಗ ಅದು ಚೆನ್ನೈಯಲ್ಲಿ ನೂರಕ್ಕೂ ಹೆಚ್ಚು ದಿನ ಓಡಿತು. 2014ರಲ್ಲಿ ‘ಆಯಿರತ್ತಿಲ್ ಒರುವನ್’ ಕೂಡ ಹಾಗೆಯೇ ಮರಳಿತು. ದೊಡ್ಡ ಮಾರುಕಟ್ಟೆ ತನ್ನ ಪಂತುಲು ಅವರನ್ನು ತಾನೇ ಉಳಿಸಿಕೊಂಡಿತು. ಸಣ್ಣ ಮಾರುಕಟ್ಟೆಯ ಪಂತುಲು ಅವರನ್ನು ಉಳಿಸುವವರು ಯಾರು? ಲಾಭದ ಲೆಕ್ಕ ಕೂಡದ ಕಡೆ ಸಾರ್ವಜನಿಕ ಹಣ ಮುಂದೆ ಬರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಶಿಲಾಶಾಸನಗಳಿಗೆ ನಾವು ಈ ಪಾಠವನ್ನು ಅನ್ವಯಿಸಿದ್ದೇವೆ, ತಾಳೆಗರಿಗಳಿಗೂ ಅನ್ವಯಿಸಿದ್ದೇವೆ. ಫಿಲಂ ಸುರುಳಿ ಇವೆರಡಕ್ಕಿಂತ ಬೇಗ ಹಾಳಾಗುತ್ತದೆ. ಹಳೆಯ ಚಿತ್ರಗಳ ಪುನರುಜ್ಜೀವನಕ್ಕೆಂದೇ ಕೇಂದ್ರ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಪರಂಪರೆ ಅಭಿಯಾನವನ್ನು ರೂಪಿಸಿದೆ. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’, ‘ಶ್ರೀಕೃಷ್ಣದೇವರಾಯ’ ಚಿತ್ರಗಳ ಉತ್ತಮ ಪ್ರತಿಗಳನ್ನು ಹುಡುಕಿ ಸಂರಕ್ಷಿಸುವ ಹೊಣೆಯನ್ನು ನಮ್ಮ ರಾಜ್ಯ ಸರ್ಕಾರವೂ ಹೊರಬೇಕು. ಇದಕ್ಕೆ ತಗಲುವ ವೆಚ್ಚ, ಹೊಸ ಚಿತ್ರಗಳಿಗೆ ವರ್ಷವರ್ಷವೂ ನೀಡುವ ಸಹಾಯಧನದ ಒಂದು ಸಣ್ಣ ಪಾಲು ಮಾತ್ರ. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಲಾರದಿದ್ದ ದಿನಗಳಲ್ಲಿ ತನ್ನ ಸ್ವಂತ ಹಣವನ್ನು ಅದಕ್ಕೆ ಊರುಗೋಲಾಗಿ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಬಾಕಿ ಇದು.