ಧ್ವನಿಮುದ್ರಿಕೆಯ ಮೊದಲ ತಲೆಮಾರಿನ ಗಾಯಕಿ ಗೌಹರ್ ಜಾನ್ (1873–1930)

ಭಾರತದಲ್ಲಿ ಗ್ರಾಮಫೋನ್ ತಟ್ಟೆಗಳ ಯುಗಕ್ಕೆ ನಾಂದಿ ಹಾಡಿದ ಕಲಾವಿದರಲ್ಲಿ ಗೌಹರ್ ಜಾನ್ ಅವರ ಹೆಸರು ಅಗ್ರಗಣ್ಯವಾದುದು. ಅರಮನೆ ಹಾಗೂ ಮೆಹಫಿಲ್‌ಗಳ ಆವರಣದಲ್ಲಿ ಕೆಲವೇ ರಸಿಕರಿಗೆ ಲಭ್ಯವಾಗಿದ್ದ ಹಿಂದೂಸ್ಥಾನಿ ಗಾಯನವನ್ನು ಮೂರು ನಿಮಿಷಗಳ ಅವಧಿಗೆ ಅಳವಡಿಸಿ, ದೂರದ ಊರುಗಳ ಶ್ರೋತೃಗಳಿಗೂ ತಲುಪಿಸಿದ ಕೀರ್ತಿ ಇವರದು. ಕಲ್ಕತ್ತದಲ್ಲಿ ಪ್ರಖ್ಯಾತಿ ಗಳಿಸಿದ ಇವರು ತಮ್ಮ ಜೀವನದ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದರು.

ಜನನ ಮತ್ತು ಬಾಲ್ಯ

ಗೌಹರ್ ಜಾನ್ ಅವರು 1873ರ ಜೂನ್ 26ರಂದು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಇವರ ಜನ್ಮನಾಮ ಏಂಜಲಿನಾ ಯೋವರ್ಡ್. ತಂದೆ ವಿಲಿಯಂ ರಾಬರ್ಟ್ ಯೋವರ್ಡ್, ತಾಯಿ ವಿಕ್ಟೋರಿಯಾ. ಬಾಲ್ಯದಲ್ಲಿಯೇ ತಂದೆತಾಯಿಗಳ ವಿಚ್ಛೇದನವಾದುದರಿಂದ ತಾಯಿ ಮಗಳು ನಿರಾಶ್ರಿತರಾದರು. 1881ರಲ್ಲಿ ಬನಾರಸಿಗೆ ಬಂದು ಇಸ್ಲಾಂ ಧರ್ಮವನ್ನು ಸ್ವೀಕರಿಸಿದ ನಂತರ ತಾಯಿ ಮಲ್ಕಾ ಜಾನ್ ಎಂದೂ ಮಗಳು ಗೌಹರ್ ಜಾನ್ ಎಂದೂ ಹೆಸರಾದರು. ಮಲ್ಕಾ ಜಾನ್ ಅವರು ಗಾಯಕಿಯಾಗಿಯೂ ಕವಯಿತ್ರಿಯಾಗಿಯೂ ಮನ್ನಣೆ ಪಡೆದರು.

ಶಿಕ್ಷಣ

1883ರಲ್ಲಿ ತಾಯಿ ಮಗಳು ಕಲ್ಕತ್ತದಲ್ಲಿ ನೆಲೆಸಿದರು. ಪದಚ್ಯುತ ನವಾಬ ವಾಜಿದ್ ಅಲಿ ಷಾ ಅವರ ಆಶ್ರಯದಿಂದಾಗಿ ಆ ನಗರದ ಮಟಿಯಾಬುರ್ಜ್ ಪ್ರದೇಶವು ಅಂದು ಸಂಗೀತ ನೃತ್ಯಗಳ ಕೇಂದ್ರವಾಗಿತ್ತು. ಈ ಪರಿಸರದಲ್ಲಿ ಗೌಹರ್ ಜಾನ್ ಅವರು ಪಟಿಯಾಲದ ಕಾಲೇ ಖಾನ್ ಅವರಲ್ಲಿ ಗಾಯನವನ್ನೂ, ಬಿಂದಾದೀನ್ ಮಹಾರಾಜರಲ್ಲಿ ಕಥಕ್ ನೃತ್ಯವನ್ನೂ, ಚರಣದಾಸರಲ್ಲಿ ಬಂಗಾಳಿ ಕೀರ್ತನೆಗಳನ್ನೂ ಅಭ್ಯಾಸ ಮಾಡಿದರು. 1887ರಲ್ಲಿ ದರ್ಭಂಗಾ ಸಂಸ್ಥಾನದಲ್ಲಿ ನೀಡಿದ ಕಾರ್ಯಕ್ರಮದಿಂದ ಇವರ ವೃತ್ತಿಜೀವನ ಆರಂಭವಾಯಿತು.

ಮೊದಲ ಧ್ವನಿಮುದ್ರಣ

1902ರಲ್ಲಿ ಲಂಡನ್ನಿನ ಗ್ರಾಮಫೋನ್ ಸಂಸ್ಥೆಯು ಪೂರ್ವ ದೇಶಗಳ ಸಂಗೀತವನ್ನು ಸಂಗ್ರಹಿಸಲು ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞರನ್ನು ಕಳುಹಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರು ಇಟಲಿಯ ಗಾಯಕ ಕರೂಸೊ ಅವರ ಕಂಠವನ್ನು ಮಿಲಾನ್ ನಗರದಲ್ಲಿ ಮುದ್ರಿಸಿದ್ದರು. ಕಲ್ಕತ್ತದಲ್ಲಿ ತಾತ್ಕಾಲಿಕ ಮುದ್ರಣ ಕೊಠಡಿಯೊಂದನ್ನು ಸಜ್ಜುಗೊಳಿಸಿ, ನವೆಂಬರ್ 8ರಂದು ಕ್ಲಾಸಿಕ್ ರಂಗಮಂದಿರದ ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ಎಳೆಯ ಕಲಾವಿದೆಯರ ಹಾಡುಗಳನ್ನು ಮುದ್ರಿಸಿಕೊಂಡರು. ನವೆಂಬರ್ 11ರಂದು 29 ವರ್ಷದ ಗೌಹರ್ ಜಾನ್ ಅವರು ಮೊದಲ ಬಾರಿಗೆ ಈ ಯಂತ್ರದ ಮುಂದೆ ಹಾಡಿದರು.

ಆ ಕಾಲದಲ್ಲಿ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ಗಾಯಕರು ದೊಡ್ಡ ಕಹಳೆಯ ಬಾಯಿಗೆ ಸಮೀಪವಾಗಿ ನಿಂತು ಗಟ್ಟಿಯಾಗಿ ಹಾಡಬೇಕಾಗಿತ್ತು. ಕಂಠದಿಂದ ಹೊರಟ ನಾದದ ಬಲದಿಂದಲೇ ಕಹಳೆಯ ತುದಿಯಲ್ಲಿದ್ದ ತೆಳುವಾದ ಪೊರೆ ಕಂಪಿಸಿ, ಅದಕ್ಕೆ ಜೋಡಿಸಿದ ಸೂಜಿಯು ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆಯನ್ನು ಕೊರೆಯುತ್ತಿತ್ತು. ಮಂದ್ರ ಸ್ವರಗಳಲ್ಲಿ ಕಹಳೆಯ ಬಳಿ ಸಾರಬೇಕು, ತಾರ ಸ್ವರಗಳಲ್ಲಿ ತುಸು ಹಿಂದೆ ಸರಿಯಬೇಕು. ಮೇಣದ ತಟ್ಟೆಯನ್ನು ನುಡಿಸಿ ಕೇಳಿದರೆ ಅದು ಕೆಡುವುದರಿಂದ, ಹಾಡಿದವರಿಗೆ ತಮ್ಮ ಹಾಡನ್ನು ಆಗಲೇ ಕೇಳಿ ತಿದ್ದಿಕೊಳ್ಳುವ ಅವಕಾಶವಿರಲಿಲ್ಲ. ತಪ್ಪಿದಲ್ಲಿ ಹೊಸ ತಟ್ಟೆಯ ಮೇಲೆ ಮೊದಲಿನಿಂದ ಹಾಡಬೇಕಾಗಿತ್ತು. ತಲೆದೂಗುವ ರಸಿಕರಾಗಲಿ, ಅವರ ಪ್ರೋತ್ಸಾಹದ ಉದ್ಗಾರಗಳಾಗಲಿ ಅಲ್ಲಿರಲಿಲ್ಲ.

ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಕೆಲವೇ ನಿಮಿಷಗಳಲ್ಲಿ ನಿರೂಪಿಸುವುದು ಇನ್ನೂ ದೊಡ್ಡ ಸಮಸ್ಯೆಯಾಗಿತ್ತು. ಗೌಹರ್ ಜಾನ್ ಅವರು ದೀರ್ಘವಾದ ಆಲಾಪವನ್ನು ಕೈಬಿಟ್ಟು, ಆರಂಭದಲ್ಲಿಯೇ ಬಂದಿಶನ್ನು ಎತ್ತಿಕೊಂಡು, ಚುರುಕಾದ ತಾನುಗಳಿಂದ ರಾಗದ ಸ್ವರೂಪವನ್ನು ಮೂಡಿಸಿ ಮುಕ್ತಾಯಗೊಳಿಸುವ ಕ್ರಮವನ್ನು ರೂಪಿಸಿಕೊಂಡರು. ಜೋಗಿಯಾ ರಾಗದ ಅವರ ಮುದ್ರಿಕೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಮೇಣದ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ ಅಲ್ಲಿ ಪ್ರತಿಗಳನ್ನು ಸಿದ್ಧಪಡಿಸಲಾಗುತ್ತಿದ್ದುದರಿಂದ, ಭಾಷೆಯರಿಯದ ಅಲ್ಲಿನ ಕೆಲಸಗಾರರು ಗಾಯಕರನ್ನು ಗುರುತಿಸಲು ಈ ಘೋಷಣೆ ನೆರವಾಗುತ್ತಿತ್ತು. ಕಾಲಕ್ರಮೇಣ ಅದೇ ಅವರ ಮುದ್ರೆಯಾಗಿ ಜನಮನದಲ್ಲಿ ಉಳಿಯಿತು.

ಖ್ಯಾತಿ ಮತ್ತು ಸಂಕಷ್ಟ

ಯಂತ್ರದ ಮುಂದೆ ಹಾಡಲು ಅನೇಕ ಉಸ್ತಾದರು ಹಿಂಜರಿಯುತ್ತಿದ್ದ ದಿನಗಳಲ್ಲಿ, ಸಮಾಜದಿಂದ ಗೌರವದ ಸ್ಥಾನ ದೊರೆಯದಿದ್ದ ವೃತ್ತಿಗಾಯಕಿಯರು ಈ ಮಾಧ್ಯಮಕ್ಕೆ ಧೈರ್ಯದಿಂದ ಮುಂದಾದುದು ಗಮನಾರ್ಹ. ಗೌಹರ್ ಜಾನ್ ಅವರು ಮುಂದಿನ ಎರಡು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿದರೆಂದು ತಿಳಿದುಬರುತ್ತದೆ. ಖ್ಯಾಲ್, ಠುಮ್ರಿ, ದಾದ್ರಾ, ಕಜರಿ, ಭಜನೆ ಮೊದಲಾದ ಪ್ರಕಾರಗಳು ಇವುಗಳಲ್ಲಿ ಸೇರಿವೆ. ಇವರ ಭಾವಚಿತ್ರವು ಬೆಂಕಿಪೊಟ್ಟಣ ಹಾಗೂ ಅಂಚೆ ಕಾರ್ಡುಗಳ ಮೇಲೂ ಅಚ್ಚಾಯಿತು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿ ಅವರೊಡನೆ ಚಕ್ರವರ್ತಿ ಐದನೆಯ ಜಾರ್ಜ್ ಅವರ ಸಮ್ಮುಖದಲ್ಲಿ ಹಾಡಿದರು.

ಆದರೆ 1906ರಲ್ಲಿ ತಾಯಿ ನಿಧನರಾದ ನಂತರ ಇವರ ಬದುಕು ಕಷ್ಟಗಳಿಗೆ ಈಡಾಯಿತು. ಆಸ್ತಿಗೆ ಸಂಬಂಧಿಸಿದ ವ್ಯಾಜ್ಯಗಳು ಹಾಗೂ ನಂಬಿದವರಿಂದ ಆದ ವಂಚನೆಯಿಂದಾಗಿ ಗಳಿಸಿದ ಸಂಪತ್ತಿನ ಬಹುಪಾಲು ಕರಗಿಹೋಯಿತು.

ಮೈಸೂರಿನಲ್ಲಿ

ಮೈಸೂರು ಸಂಸ್ಥಾನವು ಕರ್ನಾಟಕ ಸಂಗೀತದೊಂದಿಗೆ ಹಿಂದೂಸ್ಥಾನಿ ಸಂಗೀತಕ್ಕೂ ಆಶ್ರಯ ನೀಡಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನ್ ಅವರು ಹಿಂದೆ ಈ ಆಸ್ಥಾನದಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಆಗಮಿಸಿದ ಗೌಹರ್ ಜಾನ್ ಅವರು 1928ರ ಆಗಸ್ಟ್ 1ರಂದು ಅರಮನೆಯ ಗಾಯಕಿಯಾಗಿ ನೇಮಕಗೊಂಡರು. ಆ ವೇಳೆಗೆ ಅವರ ಆರೋಗ್ಯ ಕ್ಷೀಣಿಸಿತ್ತು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ಕೊನೆಯುಸಿರೆಳೆದರು.

ಕೊಡುಗೆ

ಗೌಹರ್ ಜಾನ್ ಅವರು ಗಳಿಸಿದ ಐಶ್ವರ್ಯವಾಗಲಿ, ಅವರ ಮೆಹಫಿಲ್‌ಗಳ ವೈಭವವಾಗಲಿ ಉಳಿಯಲಿಲ್ಲ. ಅವರಿಗಿಂತ ಹಿಂದಿನ ಮಹಾನ್ ಗಾಯಕರ ಕಂಠಗಳು ಕೇಳಿದವರ ನೆನಪಿನೊಂದಿಗೆ ಮರೆಯಾದವು. ಕಹಳೆಯ ಮುಂದೆ ನಿಂತು ಹಾಡಿದ ಆ ಕೆಲವು ನಿಮಿಷಗಳಿಂದಾಗಿ ಗೌಹರ್ ಜಾನ್ ಅವರ ಕಂಠವು ಶತಮಾನದ ನಂತರವೂ ಕೇಳಲು ದೊರೆಯುತ್ತದೆ. ಹಾಡು ಮುಗಿದೊಡನೆ ಅವರ ಹೆಸರೂ ಅದರೊಂದಿಗೆ ಕೇಳಿಬರುತ್ತದೆ.